ನೆರಳಿಗೆ ಸರಿಸಿದ ಪೆಟ್ಟಿಗೆ

ಗುರುಗಳೆಂದರೆ ಬಿಳಿ ಗಡ್ಡ, ಜಪಮಣಿ ಎಂದುಕೊಂಡು ಬಂದವರು ರಾಚೋಟಯ್ಯನವರನ್ನು ಕಂಡು ಪೆಚ್ಚಾಗಿ ಹೋಗುತ್ತಿದ್ದರು. ಅವರಿಗೆ ಗಡ್ಡವಿರಲಿಲ್ಲ. ದಪ್ಪ ಕನ್ನಡಕವಿತ್ತು, ಮೂಗಿನ ತುದಿಯಲ್ಲೇ ಸಿಟ್ಟಿತ್ತು.

ಹೊಳೆಯ ದಂಡೆಯ ಮೇಲೆ ಅವರ ಆಶ್ರಮ. ಅಲ್ಲಿ ಅವರು ಕಲಿಸುತ್ತಿದ್ದದ್ದು ವೇದವಲ್ಲ, ವೈದ್ಯವೂ ಅಲ್ಲ. ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಕೆಳಗೆ ಕೂತು, ಉಳಿದದ್ದನ್ನೆಲ್ಲ ನಡೆಸುವ ಕರ್ನಲ್ ಎಂಬುದರ ವಿದ್ಯೆ.

ಆಗ ಅವರ ಬಳಿ ಇಬ್ಬರು ಶಿಷ್ಯರಿದ್ದರು. ಫಕೀರೇಶನಿಗೆ ಮಾತು ಕಡಿಮೆ. ಕಲ್ಮೇಶನಿಗೆ ಕೈ ಚುರುಕು, ಬಾಯಿ ಇನ್ನೂ ಚುರುಕು. ಇಬ್ಬರೂ ಗುರುಗಳನ್ನು ಅಜ್ಜಾರು ಎನ್ನುತ್ತಿದ್ದರು.

ಒಂದು ದಿನ ಕಲ್ಮೇಶ ಕೇಳಿದ. "ಅಜ್ಜಾರ, ಲೋಕದಾಗ ಸಾವಿರ ನಮೂನಿ ಉಪಕರಣ ಅದಾವ. ಕರ್ನಲ್ ಒಂದ. ಅದು ಎಲ್ಲಾನೂ ಹ್ಯಾಂಗ ತಿಳಕೊಂಡಿರ್ತೈತಿ?"

"ಒಂದನ್ನೂ ತಿಳಕೊಂಡಿರಂಗಿಲ್ಲ."

"ಮತ್ತ?"

ಗುರುಗಳು ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಕಣ್ಣಿಗೆ ಕಟ್ಟಿಕೊಂಡರು.

"ಇವತ್ತು ಹೊತ್ತು ಮುಳುಗೂತನಕ ನಾ ಕರ್ನಲ್. ನನಗ ಏನೂ ಕಾಣಂಗಿಲ್ಲ. ನೀವಿಬ್ಬರು ಡ್ರೈವರ್. ಒಬ್ಬೊಬ್ಬರು ಒಂದೊಂದು ಸಾಮಾನಿನ ಹೊಣಿ ಹೊರ್ರಿ. ಇದು ನಂದು, ಕರೆದಾಗ ಇಂತಿಂಥಾ ಕೆಲಸ ಮಾಡಿ ಕೊಡ್ತೀನಿ ಅಂತ ಮೊದಲ ನನ್ನ ಮುಂದ ಹೇಳ್ರಿ. ಆಮ್ಯಾಲ ಸುಮ್ಮನ ಕುಂದರ್ರಿ. ಕರೆದಾಗ ಬರ್ರಿ."

"ಹೊಸಾ ಸಾಮಾನು ಬಂದ್ರ? ಅದು ಯಾರದಂತ ಹ್ಯಾಂಗ ಗೊತ್ತಾಗಬೇಕು?"

"ಅದರ ಮೈಮ್ಯಾಲ ಅದರ ಗುರುತು ಇರ್ತೈತಿ. ಬಾಗಿಲದಾಗ ಕುಂತಾಂವ ಗುರುತು ನೋಡಿ, ನಿಮ್ಮೊಳಗ ಯಾರಿಗೆ ಹೊಂದತೈತೋ ಅವರನ್ನ ಕರೀತಾನ. ನೋಡು, ಇದು ನಿಂದೇನು ಅಂತ ಕೇಳ್ತಾನ. ಹೌದಂದ್ರ ನಿಂದು."

"ಇಷ್ಟನಾ?"

"ಇಷ್ಟ."

ಫಕೀರೇಶ ಬಾವಿಯ ಹೊಣೆ ಹೊತ್ತ. ಕಲ್ಮೇಶ ಅಡುಗೆಮನೆಯ ಹೊಣೆ ಹೊತ್ತ.

ಊಟದ ಹೊತ್ತಿಗೆ ಗುರುಗಳು ಕೈ ಚಾಚಿದರು. "ರೊಟ್ಟಿ ಜೋಡಿ ಏನೈತಿ?"

ಕಲ್ಮೇಶನಿಗೆ ತಡೆಯಲಾಗಲಿಲ್ಲ. ದಪ್ಪನೆಯದೊಂದು ಹಸಿಮೆಣಸಿನಕಾಯಿ ಅವರ ಕೈಗಿಟ್ಟ. "ಎಳೀ ಸೌತಿಕಾಯಿ ರೀ."

ಗುರುಗಳು ಕಚಕ್ಕನೆ ಕಡಿದರು. ಕಣ್ಣಿಗೆ ಕಟ್ಟಿದ ವಸ್ತ್ರ ಒದ್ದೆಯಾಯಿತು. ಆದರೂ ತೊಟ್ಟಿನವರೆಗೂ ತಿಂದು ಮುಗಿಸಿದರು.

ಕಲ್ಮೇಶನ ನಗೆ ಅರ್ಧಕ್ಕೇ ನಿಂತಿತು. "ಉಗುಳಬೇಕಿತ್ರಿ ಅಜ್ಜಾರ!"

"ನೀ ಸೌತಿಕಾಯಿ ಅಂದಿ."

"ನಾ ಚ್ಯಾಷ್ಟಿ ಮಾಡಿದ್ನಿ."

"ಕರ್ನಲ್‌ಗೆ ಚ್ಯಾಷ್ಟಿ ತಿಳಿಯಂಗಿಲ್ಲ."

"ಇದೆಂಥಾ ವ್ಯವಸ್ಥಾರಿ? ಡ್ರೈವರ್ ಹೇಳಿದ್ದನ್ನ ಯಾರೂ ಪರೀಕ್ಷಾ ಮಾಡೂದಿಲ್ಲೇನು?"

"ಯಾರು ಮಾಡಬೇಕು? ಕರ್ನಲ್‌ಗೆ ಎಲ್ಲಾ ಸಾಮಾನಿನ ಗುಣ ಗೊತ್ತಿದ್ರ ನೀ ಯಾಕ ಬೇಕಾಗಿದ್ದಿ? ಹೊರಗಿನ ಪ್ರೋಗ್ರಾಮ್ ತಪ್ಪು ಮಾಡಿದ್ರ ಬಾಗಿಲದಾಗ ಹಿಡೀತಾರ. ಡ್ರೈವರ್ ಮನಿ ಒಳಗಿನಾಂವ. ಒಳಗ ಗೋಡಿ ಇಲ್ಲ. ಅಂವ ಕೆಟ್ರ ಎಲ್ಲಾರೂ ಕೆಟ್ಟಂಗ."

ಇಳಿಹೊತ್ತಿಗೆ ಇನ್ನೊಂದು ಪಾಠ ನಡೆಯಿತು. ಗುರುಗಳು ಜಗಲಿಯಲ್ಲಿ ಒಂದು ಗಂಟೆ ಕಟ್ಟಿಸಿದರು. ಅದರ ಹಗ್ಗದ ಒಂದು ಕವಲು ಬಾವಿಗೆ ಹೋಯಿತು, ಇನ್ನೊಂದು ಅಡುಗೆಮನೆಗೆ.

"ಸಾಮಾನು ತಾನಾಗಿ ಕರ್ನಲ್‌ನ ಕೂಗೂದು ಹೀಂಗ. ಇದಕ್ಕ ಇಂಟರಪ್ಟ್ ಅಂತಾರ. ಹಗ್ಗ ಕಡಿಮಿ, ಸಾಮಾನು ಹೆಚ್ಚು. ಅದಕ್ಕ ಒಂದ ಹಗ್ಗಕ್ಕ ಇಬ್ಬರನ್ನ ಕಟ್ಟತಾರ. ಗಂಟಿ ಬಾರಿಸಿದ್ರ ನನಗ ಯಾರು ಕೂಗಿದ್ರು ಅಂತ ಗೊತ್ತಾಗಂಗಿಲ್ಲ. ಇಬ್ಬರೂ ಓಡಿ ಹೋಗಿ ನಿಮ್ಮ ನಿಮ್ಮ ಸಾಮಾನು ನೋಡಿ ಬರ್ರಿ. ನಿಂದಾಗಿದ್ರ ಅದಕ್ಕ ಏನು ಬೇಕು ಕೇಳಿ, ಕೊಟ್ಟು, ಸುಮ್ಮನ ಮಾಡಿ ಬಂದು ನಂದು ಅನ್ನು. ಅಲ್ಲದಿದ್ರ ನಂದಲ್ಲ ಅನ್ನು."

ಗಂಟೆ ಬಾರಿಸಿತು. ಇಬ್ಬರೂ ಓಡಿದರು.

"ನಂದಲ್ರಿ."

"ನಂದೂ ಅಲ್ರಿ."

ಗಂಟೆ ಮತ್ತೆ ಬಾರಿಸಿತು. ಮತ್ತೆ ಓಡಿದರು. ಇಬ್ಬರಿಗೂ ತೇಕು ಹತ್ತಿತು, ಗಂಟೆ ಮಾತ್ರ ನಿಲ್ಲಲೊಲ್ಲದು. ಹಗ್ಗ ಎಳೆಯುತ್ತಿದ್ದದ್ದು ಗುರುಗಳ ಕಾಲ್ಬೆರಳೆಂದು ಅವರಿಗೆ ಆಮೇಲೆ ತಿಳಿಯಿತು.

ಕೊನೆಗೆ ಗುರುಗಳು ಕುಡುಗೋಲು ತರಿಸಿ ಹಗ್ಗ ಕೊಯ್ದರು. "ಯಾರದೂ ಅಲ್ಲದ ಗಂಟಿಗೆ ಎದ್ದೂ ಎದ್ದೂ ಕರ್ನಲ್ ಉಳಿದ ಕೆಲಸ ಮಾಡಾಕ ಆಗಂಗಿಲ್ಲ. ಮನಿ ಪೂರಾ ನಿಂತು ಹೋಗ್ತೈತಿ. ಅದಕ್ಕ ಭಾಳ ಹೊತ್ತು ನೋಡಿ, ಹಗ್ಗಾನ ಕೊಯ್ದು ಒಗೀತೈತಿ."

ಅಪರೂಪಕ್ಕೆ ಫಕೀರೇಶ ಬಾಯಿ ಬಿಟ್ಟ. "ಆಮ್ಯಾಲ ಖರೇನ ಬಾವಿ ಕೂಗಿದ್ರ?"

"ಕೇಳಂಗಿಲ್ಲ," ಎಂದರು ಗುರುಗಳು.

ಬೇಸಿಗೆಯಲ್ಲಿ ಆ ಹೊಳೆ ಬತ್ತಿ ಮರಳು ಕಾಣುತ್ತಿತ್ತು. ಮರಳಿನಲ್ಲಿ ಕುಣಿ ತೋಡಿ, ಕಲ್ಲಂಗಡಿ ಹಾಕಿ, ಅಲ್ಲೇ ಗುಡಿಸಲು ಕಟ್ಟಿಕೊಂಡು ಇರುವ ಮಂದಿ ಇದ್ದರು. ಮೇಲುಗಡೆ ಬ್ಯಾರೇಜು. ಕೆಳಗಿನ ಊರುಗಳಿಗೆ ಕುಡಿಯುವ ನೀರೆಂದು ಅದರ ಗೇಟು ಎತ್ತಿದರೆ, ಒಣಗಿದ ಹೊಳೆಯಲ್ಲಿ ಒಮ್ಮೆಲೇ ನೀರು ನುಗ್ಗುತ್ತಿತ್ತು.

ಅವರಿಗಾಗಿ ಗುರುಗಳು ಒಂದು ಪೆಟ್ಟಿಗೆ ಮಾಡಿಸಿ ಮರಳ ದಂಡೆಯಲ್ಲಿ ನಿಲ್ಲಿಸಿದರು. ನೀರು ಏರಿದರೆ ಸೈರನ್ ಕೂಗಬೇಕು. ಅದರೊಳಗೆ ನೀರಿನ ಮಟ್ಟ ನೋಡುವ ಉಪಕರಣ ಒಂದು. ಅದನ್ನು ನೋಡಿಕೊಳ್ಳುವ ಪ್ರೋಗ್ರಾಮ್, ಅಂದರೆ ಅದರ ಡ್ರೈವರ್, ಬರೆದವನು ಫಕೀರೇಶ. ಬಿಸಿಲಿನಿಂದ ಬ್ಯಾಟರಿ ತುಂಬಿಸುವ ಕಾರ್ಡ್ ಇನ್ನೊಂದು. ಅದರ ಡ್ರೈವರ್ ಬರೆದವನು ಕಲ್ಮೇಶ. ಸಣ್ಣ ಯಂತ್ರ, ಇದ್ದದ್ದು ಒಂದೇ ಹಗ್ಗ, ಅಂದರೆ ಇಂಟರಪ್ಟಿನ ಒಂದೇ ತಂತಿ. ಎರಡನ್ನೂ ಗುರುಗಳು ಅದಕ್ಕೇ ಕಟ್ಟಿಸಿದ್ದರು.

ಯುಗಾದಿ ಕಳೆದ ಮೇಲಿನ ಒಂದು ಮಟಮಟ ಮಧ್ಯಾಹ್ನ ಗೇಟು ಎತ್ತಿದರು. ನೀರು ಬಂತು. ಸೈರನ್ ಕೂಗಲಿಲ್ಲ.

ಹನಮಪ್ಪ ಎಂಬವನು ಹಣ್ಣು ಮಾರಲು ಸಂತೆಗೆ ಹೋಗಿದ್ದ. ಗುಡಿಸಲಿನಲ್ಲಿ ಅವನ ಹೆಂಡತಿ ನಿಂಗವ್ವ ಮಲಗಿದ್ದಳು, ಸೀರೆಯ ಜೋಲಿಯಲ್ಲಿ ಕೂಸು ಮಲಗಿತ್ತು. ನಿಂಗವ್ವ ಕೆಳಗಿನ ಜಾಲಿಕಂಟಿಯ ಮುಳ್ಳಿನಲ್ಲಿ ಹೆಣವಾಗಿ ಸಿಕ್ಕಳು. ಕೂಸು ಸಿಗಲೇ ಇಲ್ಲ.

ನೀರು ಇಳಿದ ಮೇಲೆ ಪೆಟ್ಟಿಗೆ ಬಿಚ್ಚಿ ನೋಡಿದರು. ಕರ್ನಲ್ ಹಗ್ಗ ಕೊಯ್ದಿತ್ತು. ನೀರು ಬರುವುದಕ್ಕಿಂತ ಮೊದಲು ಗಂಟೆ ಸಾವಿರಾರು ಸಲ ಬಾರಿಸಿತ್ತು, ಇಬ್ಬರೂ ನಂದಲ್ಲ ಎಂದಿದ್ದರು. ನೀರು ಬಂದಾಗ ಮಟ್ಟ ನೋಡುವ ಉಪಕರಣ ಕೂಗಿದ್ದು ಯಾರಿಗೂ ಕೇಳಿಸಿರಲಿಲ್ಲ. ಮೊದಲು ಬಾರಿಸಿದ ಆ ಗಂಟೆ ಯಾರದೆಂಬುದು ಮಾತ್ರ ತಿಳಿಯಲಿಲ್ಲ.

ಹನಮಪ್ಪ ಆಶ್ರಮಕ್ಕೆ ಬಂದ. ಅವನ ಕಾಲಿನ ಮರಳು ಇನ್ನೂ ಒಣಗಿರಲಿಲ್ಲ.

"ನೀರು ನೋಡೂದು ಯಾರ ಕೆಲಸ ಆಗಿತ್ತು?"

ಫಕೀರೇಶ ಎದ್ದು ನಿಂತ. "ನಂದ್ರಿ."

ಹನಮಪ್ಪ ಅವನ ಮುಖವನ್ನೇ ನೋಡಿದ, ಆಮೇಲೆ ಹೊರಟು ಹೋದ. ಬಡಿದಿದ್ದರೆ ಫಕೀರೇಶನಿಗೆ ಎಷ್ಟೋ ಹಗುರಾಗುತ್ತಿತ್ತು.

ಆವತ್ತಿನಿಂದ ಫಕೀರೇಶನ ಊಟ ತಪ್ಪಿತು. ಆಶ್ರಮದಲ್ಲಿ ಅಂಥದೇ ಇನ್ನೊಂದು ಪೆಟ್ಟಿಗೆ ಇತ್ತು. ಅದನ್ನು ಅಂಗಳಕ್ಕೆ ತಂದಿಟ್ಟು, ಡ್ರಮ್ಮಿಗೆ ನೀರು ಸುರಿದು ಸುರಿದು ಪರೀಕ್ಷೆ ಮಾಡತೊಡಗಿದ. ತಾನು ಬರೆದದ್ದನ್ನು ಸಾಲು ಸಾಲಾಗಿ ಓದಿದ, ಮತ್ತೆ ಓದಿದ. ಊರಿನವರು ದಾರಿಯಲ್ಲಿ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಬೇಸಿಗೆಗೆ ಬಾವಿ ತಳ ಕಂಡಿತ್ತು; ಒಂದು ಮಧ್ಯಾಹ್ನ ಅವನು ನೀರು ತರಲು ಹೊಳೆಯ ಮಡುವಿಗೆ ಹೋಗಿದ್ದ. ಪೆಟ್ಟಿಗೆ ಅವತ್ತು ಮೊದಲ ಸಲ ಬೆಳಗಿನಿಂದ ಬಿಸಿಲಲ್ಲೇ ಉಳಿದಿತ್ತು. ಕಲ್ಮೇಶ ಹಾಗೇ ಹತ್ತಿರ ಹೋಗಿ ಬ್ಯಾಟರಿಯ ಮೇಲೆ ಕೈ ಇಟ್ಟ. ಚುರ್ರೆಂದಿತು.

ಅದೇ ಹೊತ್ತಿಗೆ, ಪೆಟ್ಟಿಗೆಗೆ ಜೋಡಿಸಿದ್ದ ಪರದೆಯ ಮೇಲೆ ಗಂಟೆ ಬಾರಿಸಿದ್ದು ಕಾಣತೊಡಗಿತು. ಫಕೀರೇಶನ ಡ್ರೈವರ್ ನಂದಲ್ಲ ಎಂದಿತು. ಕಲ್ಮೇಶನ ಡ್ರೈವರ್ ನಂದಲ್ಲ ಎಂದಿತು. ಮತ್ತೆ ಗಂಟೆ, ಮತ್ತೆ ಅದೇ ಉತ್ತರ. ಅವನು ನೋಡುತ್ತಿದ್ದಂತೆಯೇ ಕರ್ನಲ್ ಹಗ್ಗ ಕೊಯ್ದಿತು.

ಕಲ್ಮೇಶ ಪರದೆಯತ್ತ ಬಗ್ಗಿದ. ಎಲ್ಲ ನೆನಪಾಯಿತು. ಡ್ರೈವರ್ ಬರೆಯುವಾಗ ಕಾರ್ಡಿನಲ್ಲಿ ಬ್ಯಾಟರಿ ತುಂಬಿತು, ಬರಿದಾಯಿತು ಎನ್ನುವ ಗುರುತುಗಳ ಪಕ್ಕದಲ್ಲಿ ಇನ್ನೊಂದು ಗುರುತು ಇತ್ತು. ಬ್ಯಾಟರಿ ಮಿತಿಮೀರಿ ಕಾದಿದೆ ಎಂಬ ಗುರುತು. ಬರೆಯುತ್ತಿದ್ದದ್ದು ಚಳಿಗಾಲದಲ್ಲಿ, ಇದೆಲ್ಲಿ ಬರುತ್ತದೆ ಎಂದು ಬಿಟ್ಟಿದ್ದ. ತನಗೆ ಬೇಕಾದ ಎರಡು ಗುರುತು ಕಾಣದಿದ್ದರೆ ಗಂಟೆ ಪಕ್ಕದವನದೇ ಇರಬೇಕು ಎಂದು ಬರೆದು ಮುಗಿಸಿದ್ದ.

ಅದು ತಪ್ಪು. ಯಾರಿಂದಲೂ ಆಗಬಹುದಾದ ತಪ್ಪು. ಮುಂದೆ ಅವನು ಮಾಡಿದ್ದಕ್ಕೆ ನಾನು ಆ ಹೆಸರು ಕೊಡಲಾರೆ.

ಹೊಳೆಯ ಕಡೆಯಿಂದ ಹೆಜ್ಜೆ ಸಪ್ಪಳ ಕೇಳಿತು. ಕಲ್ಮೇಶ ಪೆಟ್ಟಿಗೆಯನ್ನು ಎತ್ತಿ ಬೇವಿನ ಮರದ ನೆರಳಿಗೆ ಇಟ್ಟ. ಅದನ್ನು ಆರಿಸಿ ಮತ್ತೆ ಚಾಲೂ ಮಾಡಿದ. ಒಳಗೆ ಹೋಗಿ ಏನೋ ಹುಡುಕುವವನಂತೆ ನಿಂತ.

ಫಕೀರೇಶ ಬಂದು ಕೊಡ ಇಳಿಸಿದ. ಪೆಟ್ಟಿಗೆ ಬೇರೆ ಕಡೆ ಇದ್ದದ್ದು ಅವನಿಗೆ ಕಂಡಿತೋ ಇಲ್ಲವೋ. ಅಲ್ಲೇ ಕೂತು ನೀರು ಸುರಿಯತೊಡಗಿದ.

ನೆರಳಿನಲ್ಲಿ ಪೆಟ್ಟಿಗೆ ಒಮ್ಮೆಯೂ ತಪ್ಪಲಿಲ್ಲ. ನೀರು ಸುರಿದಾಗೆಲ್ಲ ಗಂಟೆ ಬಾರಿಸಿತು, ಸೈರನ್ ಕೂಗಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

"ಇಲ್ಲಿ ಒಮ್ಮೆನೂ ತಪ್ಪಂಗಿಲ್ಲ," ಎಂದ ಫಕೀರೇಶ. "ಅಲ್ಲಿ ತಪ್ಪಿತು. ಹಂಗಂದ್ರ ನನಗ ಕಾಣಲಾರದ್ದು ಏನೋ ನಾ ಮಾಡೀನಿ ಕಲ್ಮೇಶ. ನನಗ ಅದು ಎಂದೂ ಕಾಣಂಗಿಲ್ಲೇನು?"

"ಊಟ ಮಾಡ ನಡಿ," ಎಂದ ಕಲ್ಮೇಶ.

ಹಾಗೆ ಹೇಳಿದ ತನ್ನ ಬಾಯಿಯ ಬಗ್ಗೆ ಅವನಿಗೆ ಹೇಸಿಗೆಯಾಯಿತು.

ಒಂದು ದಿನ ಗುರುಗಳು ಅಂಗಳಕ್ಕೆ ಬಂದರು. ಬೇವಿನ ಕೆಳಗಿನ ಪೆಟ್ಟಿಗೆಯನ್ನು ಕಂಡು ನಿಂತರು.

"ಇದು ಬಿಸಲಾಗಿತ್ತಲ್ಲ. ನೆಳ್ಳಿಗೆ ಯಾರಿಟ್ರು? ಫಕೀರೇಶ, ನೀನೇನು?"

"ನಾ ಅಲ್ರಿ."

"ಕಲ್ಮೇಶ, ನೀನೇನು?"

ಬೇವಿನಲ್ಲಿ ಕಾಗೆಯೊಂದು ಕೂತಿತ್ತು. ಕಲ್ಮೇಶ ಅದನ್ನು ನೋಡುತ್ತ ಹೇಳಿದ.

"ನಾ ಅಲ್ರಿ."

"ಹಂಗಾದ್ರ ಅಲ್ಲೇ ಇರ್ಲಿ," ಎಂದು ಗುರುಗಳು ಒಳಗೆ ಹೋದರು.

ಅವರ ಮುಖದಲ್ಲಿ ಸಂಶಯದ ಒಂದು ಗೆರೆಯೂ ಇರಲಿಲ್ಲ. ಇದ್ದಿದ್ದರೆ ಕಲ್ಮೇಶ ವಾದ ಮಾಡುತ್ತಿದ್ದ, ಸಿಟ್ಟಾಗುತ್ತಿದ್ದ, ಹೇಗೋ ಬದುಕಿಕೊಳ್ಳುತ್ತಿದ್ದ. ಅವರು ನಂಬಿಬಿಟ್ಟರು.

ಮರುದಿನ ಫಕೀರೇಶ ಗುರುಗಳ ಮುಂದೆ ಬಂದು ನಿಂತ. "ಅಜ್ಜಾರ, ಇನ್ನ ಮುಂದ ಯಾವ ಸಾಮಾನಿನ ಹೊಣಿನೂ ನನಗ ಬ್ಯಾಡ್ರಿ." ಉತ್ತರಕ್ಕೆ ಕಾಯದೆ ಹೊಳೆಯ ಕಡೆ ನಡೆದ.

ಗುರುಗಳು ಕೂತಲ್ಲಿಂದ ಕೂಗಿದರು. "ಕಲ್ಮೇಶ, ಅವನ ಹಿಂದ ಹೋಗು."

ಕಲ್ಮೇಶ ಓಡಿದ. ಫಕೀರೇಶ ಮಡುವಿನಲ್ಲಿ ಎದೆಮಟ ನೀರಿನಲ್ಲಿ ನಿಂತಿದ್ದ. ಸ್ನಾನ ಮಾಡುತ್ತಿರಲಿಲ್ಲ. ಮುಂದಕ್ಕೊಂದು ಹೆಜ್ಜೆ ಇಟ್ಟ, ನೀರು ಗಂಟಲಿಗೆ ಬಂತು.

"ನಂದೋ!" ಕಲ್ಮೇಶ ಬಟ್ಟೆಯ ಸಮೇತ ನೀರಿಗೆ ಬಿದ್ದ. "ಫಕೀರೇಶ, ನಿಲ್ಲೋ! ಅದು ನಂದು! ಗಂಟಿ ನಂದು!"

ಹಿಡಿದು ಎಳೆದು ದಂಡೆಗೆ ತಂದ. ಅಲ್ಲಿಂದ ಆಶ್ರಮದವರೆಗೂ ಅವನ ರಟ್ಟೆ ಬಿಡಲಿಲ್ಲ. ಪೆಟ್ಟಿಗೆಯನ್ನು ತಾನೇ ಬಿಸಿಲಿಗೆ ತಂದಿಟ್ಟ. ಇಬ್ಬರೂ ಒದ್ದೆ ಬಟ್ಟೆಯಲ್ಲೇ ಅದರ ಮುಂದೆ ಕೂತರು. ಬಟ್ಟೆ ಮೈಮೇಲೇ ಒಣಗಿತು, ಬ್ಯಾಟರಿ ಕಾಯಿತು, ಗಂಟೆ ಬಾರಿಸತೊಡಗಿತು. ಹಗ್ಗ ಕೊಯ್ದದ್ದನ್ನು ಫಕೀರೇಶ ಕಣ್ಣಾರೆ ಕಂಡ.

ಪೆಟ್ಟಿಗೆಯನ್ನು ಆರಿಸಿದ. ಆಮೇಲೆ ಕೇಳಿದ.

"ಯಾವಾಗ ಗೊತ್ತಾತು?"

"ವಾರ ಆಗಿರಬೇಕು."

"ನೆಳ್ಳಿಗೆ ಇಟ್ಟಾಂವ?"

"ನಾನ."

"ನಾ ನಿನ್ನ ಕೇಳಿದ್ನಿ. ನನಗ ಎಂದೂ ಕಾಣಂಗಿಲ್ಲೇನು ಅಂತ ಕೇಳಿದ್ನಿ. ನೀ ಊಟ ಮಾಡು ಅಂದಿ."

ಕಲ್ಮೇಶ ಅವನ ಕಾಲು ಹಿಡಿಯಲು ಬಗ್ಗಿದ. ಫಕೀರೇಶ ಕಾಲು ಹಿಂದಕ್ಕೆ ತೆಗೆದುಕೊಂಡ. ಒಳಗೆ ಹೋಗಿ ತನ್ನ ಚೀಲ ತುಂಬಿಕೊಂಡ. ಗುರುಗಳಿಗೆ ನಮಸ್ಕಾರ ಮಾಡಿ, ಹಿಂದಿರುಗಿ ನೋಡದೆ ಹೋದ. ಮತ್ತೆ ಅವನು ಆ ಕಡೆ ಬಂದದ್ದನ್ನು ಯಾರೂ ಕಂಡಿಲ್ಲ.

ಕಲ್ಮೇಶ ಜಗಲಿಯ ಕಂಬ ಹಿಡಿದು ನಿಂತು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಗುರುಗಳಿಗೆ ಹೇಳಿದ.

"ನಿಮಗ ಮೊದಲ ಗೊತ್ತಿತ್ತೇನ್ರಿ ಅಜ್ಜಾರ?"

"ಇಲ್ಲ."

"ಸಂಶಯನೂ ಬರಲಿಲ್ಲೇನ್ರಿ?"

"ನೀ ಅಲ್ಲ ಅಂದಿದ್ದಿ."

ಕಲ್ಮೇಶ ಅಳತೊಡಗಿದ. ಗುರುಗಳು ಅವನ ತಲೆ ನೇವರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಳು ತಾನಾಗಿ ತಗ್ಗುವವರೆಗೆ ಕಾದರು.

"ಹನಮಪ್ಪಗ ಹೇಳಿ ಬಾ," ಎಂದರು.

"ಅಂವ ನನ್ನ ಕೊಂದರ?"

"ಹೇಳಿ ಬಾ."

ಹನಮಪ್ಪ ಮರಳಿನಲ್ಲಿ ಗುಡಿಸಲಿನ ಉಳಿದ ಗೂಟಗಳನ್ನು ಕೀಳುತ್ತಿದ್ದ. ಕಲ್ಮೇಶ ಹೇಳುತ್ತಿದ್ದಷ್ಟು ಹೊತ್ತೂ ಅವನ ಕೈ ನಿಲ್ಲಲಿಲ್ಲ. ಎಲ್ಲ ಕೇಳಿದ ಮೇಲೆ ಕೈಯಲ್ಲಿದ್ದ ಗೂಟ ಕೆಳಗಿಟ್ಟ.

"ಅವತ್ತು ಹೆಣ ಎತ್ತೂ ಮುಂಚೆನ ನಿಮ್ಮ ಮುದುಕರು ಬಂದ್ರು. ಎರಡನ್ನೂ ಒಂದ ಹಗ್ಗಕ್ಕ ಕಟ್ಟಿಸಿದಾಂವ ನಾನು, ತಪ್ಪು ನಂದು ಅಂದ್ರು. ಆಮ್ಯಾಲ ಆ ಇನ್ನೊಬ್ಬ ನಂದು ಅಂದ. ಈಗ ನೀ ಬಂದು ನಂದು ಅಂತಿ."

ಅವನು ಕೆಳಗಡೆಯ ಜಾಲಿಕಂಟಿಯ ಕಡೆ ನೋಡಿದ.

"ಅವತ್ತು ಮಧ್ಯಾಹ್ನ ಒಬ್ಬಾಂವರೆ ನಂದು ಅಂದಿದ್ರ ಸಾಕಾಗಿತ್ತು."

ಕಲ್ಮೇಶ ಬಗ್ಗಿದ. ಅರ್ಧ ಕಿತ್ತ ಒಂದು ಗೂಟಕ್ಕೆ ಕೈ ಹಚ್ಚಿದ.

"ಬಿಡು," ಎಂದ ಹನಮಪ್ಪ.

ಕಲ್ಮೇಶ ಬಿಟ್ಟ.

ಹಿಂದಿರುಗಿ ಬಂದಾಗ ಗುರುಗಳು ಪೆಟ್ಟಿಗೆಯನ್ನು ಬಿಚ್ಚಿ ಕೂತಿದ್ದರು. ಕನ್ನಡಕ ಮೂಗಿನ ಮೇಲೆ ಜಾರಿತ್ತು. ಒಂದರ ಜಾಗದಲ್ಲಿ ಎರಡು ಹಗ್ಗ ಇರುವ ಹೊಸ ಯಂತ್ರವೊಂದು ಪಕ್ಕದಲ್ಲಿತ್ತು.

"ಮಳಿಗಾಲದ ಒಳಗ ಇದು ಮರಳಿನಾಗ ನಿಲ್ಲಬೇಕು," ಎಂದರು. "ಬ್ಯಾಟರಿದು ನೀನ ತಿದ್ದು. ನೀರಿಂದೂ ಇನ್ನ ನೀನ ನೋಡಬೇಕು."

"ನನ್ನ ಕೈಯಾಗ ಕೊಡ್ತೀರೇನ್ರಿ?"

"ಮತ್ತ ಯಾರದಾರ ಇಲ್ಲಿ?"

ಕಲ್ಮೇಶ ಕೂತ. ಯಂತ್ರವನ್ನು ಕೈಗೆ ತೆಗೆದುಕೊಂಡ, ಮತ್ತೆ ಕೆಳಗಿಟ್ಟ.

"ಎಲ್ಲಾರ ಮುಂದನೂ ಹೇಳಿ ಬಂದ್ನಿ ಅಜ್ಜಾರ. ಒಂದೂ ಮುಚ್ಚಿಡಲಿಲ್ಲ. ಆದ್ರೂ ಒಳಗ ಸುಮ್ಮನಾಗವಲ್ದು. ಇದು ಎಂದು ಸುಮ್ಮನಾಗ್ತೈತ್ರಿ?"

ಗುರುಗಳು ತಲೆ ಎತ್ತಲಿಲ್ಲ.

"ಸುಮ್ಮನಾದ ದಿನ ಬಂದು ಹೇಳು. ಅವತ್ತು ನಿನ್ನ ಕೈಯಾಗಿಂದ ಎಲ್ಲಾ ಕಸ್ಕೋತೀನಿ."